ಟೋನಿ ಮಾರಿಸನ್ ಪಾಠ ಮಾಡಕ್ಕೆ ಹೋಗಿ ಸಿಕ್ಕಾಕೊಂಡಿದೀನಿ, ಸ್ವಲ್ಪ ದಾರಿ ತೋರಿಸಿ

ಅರ್ಧಚಾಕ್‌ಪೀಸ್ · ಮಂಗಳವಾರ ರಾತ್ರಿ 9:40

ನಮಸ್ಕಾರ ಎಲ್ರಿಗೂ. ಮಂಡ್ಯ ಜಿಲ್ಲೇಲಿ ಒಂದು ಡಿಗ್ರಿ ಕಾಲೇಜಲ್ಲಿ ಇಂಗ್ಲಿಷ್ ಗೆಸ್ಟ್ ಲೆಕ್ಚರರ್ ನಾನು, ಮನೆ ಮೈಸೂರು, ದಿನಾ ಬಸ್ಸಲ್ಲಿ ಹೋಗಿ ಬಂದು ಮಾಡ್ತೀನಿ. ಐಚ್ಛಿಕ ಇಂಗ್ಲಿಷ್ ತಗೊಂಡಿರೋರು 34 ಮಕ್ಳು, ಅದ್ರಲ್ಲಿ 27 ಹುಡ್ಗೀರು. ಈ ಸಲ ಅಮೆರಿಕದ ಕಪ್ಪು ಲೇಖಕಿ ಮಾರಿಸನ್ ಬರೆದಿರೋ ದಿ ಬ್ಲೂಯೆಸ್ಟ್ ಐ ಕಾದಂಬರಿಯ ಒಂದು ಭಾಗ ಪಾಠಕ್ಕಿದೆ. 1970ರದ್ದು, ಅವ್ರ ಮೊದಲನೇ ಪುಸ್ತಕ. ಪೆಕೋಲಾ ಅಂತ ಹನ್ನೊಂದು ವರ್ಷದ ಕಪ್ಪು ಹುಡ್ಗಿ, ನೀಲಿ ಕಣ್ಣು ಬಂದ್ಬಿಟ್ರೆ ಎಲ್ರೂ ನನ್ನ ಪ್ರೀತಿಸ್ತಾರೆ ಅಂದ್ಕೊಂಡು ದೇವ್ರತ್ರ ಅದನ್ನೇ ಬೇಡ್ತಿರ್ತಾಳೆ.

ಅದ್ರಲ್ಲಿ ಒಂದು ಅಡುಗೆಮನೆ ಸೀನ್ ಬರತ್ತೆ. ಪೆಕೋಲಾ ಅವ್ರಮ್ಮ ಬಿಳಿಯರ ಮನೇಲಿ ಕೆಲ್ಸಕ್ಕಿದಾಳೆ. ಮಗಳು ಅಲ್ಲಿಗೆ ಹೋದಾಗ ಕೈ ತಾಗಿ ಆಗಷ್ಟೇ ಒಲೆಯಿಂದ ತೆಗೆದಿಟ್ಟ ಹಣ್ಣಿನ ಸಿಹಿ ನೆಲಕ್ಕೆ ಬಿದ್ದು ಅವಳ ಕಾಲೇ ಸುಡತ್ತೆ. ಅಮ್ಮ ಓಡಿ ಬಂದು ಸುಟ್ಕೊಂಡ ಮಗಳಿಗೆ ಬಾರಿಸ್ತಾಳೆ, ಗೌನು ಕೊಳೆ ಆಯ್ತು ಅಂತ ಅಳ್ತಿರೋ ಬಿಳಿ ಮಗೂನ ಎತ್ಕೊಂಡು ಸಮಾಧಾನ ಮಾಡ್ತಾಳೆ. ಆ ಪುಟ್ಟ ಮಗು ಕೆಲ್ಸದವಳನ್ನ ‘ಪಾಲಿ’ ಅಂತ ಹೆಸ್ರಿಡಿದು ಕರೆಯತ್ತೆ. ಸ್ವಂತ ಮಗಳು ಮಾತ್ರ ಅವಳನ್ನ ‘ಮಿಸೆಸ್ ಬ್ರೀಡ್‌ಲವ್’ ಅಂತಾಳೆ, ಅಮ್ಮ ಅನ್ನಲ್ಲ.

ಇದನ್ನ ಓದಿ ಕನ್ನಡದಲ್ಲಿ ವಿವರಿಸಿದೆ. ಕ್ಲಾಸ್ ಮುಗೀತು. ಕೊನೇ ಬೆಂಚಿನ ಹುಡ್ಗಿ, ವರ್ಷದಲ್ಲಿ ಎರಡು ಸಲ ಬಾಯಿ ಬಿಟ್ರೆ ಹೆಚ್ಚು, ಹೊರಗಡೆ ಕಾರಿಡಾರಲ್ಲಿ ಬಂದು ‘ಮಿಸ್, ನಮ್ಮಮ್ಮ ಮೈಸೂರಲ್ಲಿ ಒಬ್ರ ಮನೆ ಕೆಲ್ಸ ಮಾಡತ್ತೆ, ಅಲ್ಲಿ ಮೂರು ವರ್ಷದ ಮಗು ನಮ್ಮಮ್ಮನ್ನ ಹೆಸ್ರಿಡಿದು ಬಾರೇ ಹೋಗೇ ಅನ್ನತ್ತೆ, ರಜೇಲಿ ನಾನು ಜೊತೇಲಿ ಹೋದ್ರೆ ಅಲ್ಲಿ ಅಮ್ಮಾ ಅಂತ ಕೂಗ್ಬೇಡ ಅಂತ ನಮ್ಮಮ್ಮನೇ ಹೇಳತ್ತೆ, ಆ ಮನೆ ಅಮ್ಮಾವ್ರು ತಿರುಗಿ ನೋಡ್ತಾರಂತೆ’ ಅಂದ್ಲು. ಹೇಳಿದ್ದೇ ಬಸ್ಸಿಗೆ ಓಡಿದ್ಲು. ನಾನು ಅಲ್ಲೇ ನಿಂತಿದ್ದೆ.

ಈಗ ಸಮಸ್ಯೆ ಏನಂದ್ರೆ ನಮ್ಮ ಸೀನಿಯರ್ ಒಬ್ರು ‘ಜಾಸ್ತಿ ಎಳೀಬೇಡಿ ಮೇಡಂ, ರೇಸ್ ಒಂದು ಹೆಡ್ಡಿಂಗು, ಕ್ಲಾಸ್ ಒಂದು, ಜೆಂಡರ್ ಒಂದು, ಒಂದೊಂದಕ್ಕೂ ಐದು ಪಾಯಿಂಟ್ ಬರೆಸಿ, ಮಾರ್ಕ್ಸ್ ಬರತ್ತೆ’ ಅಂದ್ರು. ಆ ಹುಡ್ಗಿ ಹೇಳಿದ್ದನ್ನ ಯಾವ ಹೆಡ್ಡಿಂಗ್ ಕೆಳಗೆ ಹಾಕ್ಲಿ? ಅದು ಜಾತಿನಾ, ಬಡತನನಾ, ಹೆಂಗಸು ಅನ್ನೋದಾ? ಇಲ್ಲಿ ಓದಿರೋರು, ಮೇಷ್ಟ್ರುಗಳು ತುಂಬಾ ಜನ ಇದೀರಿ, ನಮ್ಮ ಕಡೆ ಉದಾಹರಣೆ ಕೊಡಿ. ಶನಿವಾರ ಮತ್ತೆ ಅದೇ ಪಾಠ ಇದೆ.

ಪಡುವಾರಹಳ್ಳಿ_ರೂಮು · 9:52

ಮೇಡಂ ನಾಲ್ಕನೇ ಹೆಡ್ಡಿಂಗ್ ಹಾಕಿ, ‘ಇತರೆ’ ಅಂತ. ನಮ್ಮ ರಾಜ್ಯದಲ್ಲಿ ಎಲ್ಲಾ ಅರ್ಜೀಲೂ ಅದೊಂದು ಇದ್ದೇ ಇರತ್ತೆ 😄

ತಮಾಷೆ ಬಿಡಿ, ಆ ಹುಡ್ಗಿ ಮಾತು ಓದಿ ಊಟ ಸೇರ್ಲಿಲ್ಲ.

ನೇರಮಾತು · 10:15

ಬೇಜಾರಾಗ್ಬೇಡಿ ಮೇಡಂ, ನೇರವಾಗಿ ಹೇಳ್ತೀನಿ. ಅಮೆರಿಕದ ಬಣ್ಣದ ಗಲಾಟೆ ತಂದು ಮಂಡ್ಯದ ಮಕ್ಕಳಿಗೆ ಯಾಕೆ? ಅಲ್ಲಿ ಜನಾನ ಹಡಗಲ್ಲಿ ತಂದು ಮಾರಿದ್ರು, ಇಲ್ಲಿ ಹಾಗೇನೂ ಆಗಿಲ್ಲ. ಇಲ್ಲಿರೋದು ದುಡ್ಡಿನ ಪ್ರಶ್ನೆ ಅಷ್ಟೇ. ದುಡ್ಡಿದ್ರೆ ಯಾರೂ ನಿನ್ನ ಜಾತಿ ಯಾವ್ದು ಅಂತ ಕೇಳಲ್ಲ, ಆಕೆ ತಾಯಿಗೆ ಒಳ್ಳೇ ಸಂಬಳದ ಕೆಲ್ಸ ಇದ್ದಿದ್ರೆ ಯಾವ ಮಗೂನೂ ಹೋಗೇ ಬಾರೇ ಅಂತಿರ್ಲಿಲ್ಲ. ಎಲ್ಲಾದ್ರಲ್ಲೂ ಜಾತಿ ಹುಡುಕೋದು ಒಂದು ಖಾಯಿಲೆ ಆಗೋಗಿದೆ. ಮಕ್ಕಳಿಗೆ ಸ್ಪೋಕನ್ ಇಂಗ್ಲಿಷ್ ಕಲಿಸಿ, ಇನ್ಫೋಸಿಸ್ ಗೇಟು ದಾಟೋ ಹಾಗೆ ಮಾಡಿ, ಅದಕ್ಕಿಂತ ದೊಡ್ಡ ಸಮಾನತೆ ಇಲ್ಲ.

ಹಳೇಪೆನ್ನು · 10:48

ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, 77 ವರ್ಷ. ನೇರಮಾತು ಅವರು ಹೇಳಿದ್ದರಲ್ಲಿ ಸತ್ಯ ಇದೆ ಅನಿಸುತ್ತೆ. ನಾನು ಓದಿದ್ದೇ ವಾರಾನ್ನ ಮಾಡಿಕೊಂಡು. ಈಗಿನವರಿಗೆ ಗೊತ್ತಿಲ್ಲದೆ ಇರಬಹುದು, ಬಡ ಹುಡುಗರು ಊರಿಂದ ಮೈಸೂರಿಗೆ ಓದಕ್ಕೆ ಬಂದರೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ ಏಳು ಮನೆ ಗೊತ್ತು ಮಾಡಿಕೊಂಡು ಊಟ ಮಾಡುತ್ತಿದ್ದರು. 1962ರಲ್ಲಿ ನಾನು ನಂಜನಗೂಡು ಕಡೆಯ ಹಳ್ಳಿಯಿಂದ ಬಂದೆ. ಅಗ್ರಹಾರದಲ್ಲಿ ಮೂರು ಮನೆ, ಕೃಷ್ಣಮೂರ್ತಿಪುರದಲ್ಲಿ ಎರಡು, ಚಾಮರಾಜಪುರದಲ್ಲಿ ಒಂದು. ಗುರುವಾರಕ್ಕೆ ಮನೆ ಸಿಗಲೇ ಇಲ್ಲ, ಎರಡು ವರ್ಷ ಗುರುವಾರ ಅಂದರೆ ಉಪವಾಸ, ಜನ ರಾಯರ ಭಕ್ತ ಅಂದುಕೊಂಡಿದ್ದರು. ಬುಧವಾರದ ಮನೆಯಲ್ಲಿ ಊಟಕ್ಕೆ ಮುಂಚೆ ಬಾವಿಯಿಂದ ಹದಿನೈದು ಕೊಡ ನೀರು ಸೇದಬೇಕಿತ್ತು. ಇನ್ನೊಂದು ಮನೆಯ ಹುಡುಗ ನನ್ನದೇ ಕ್ಲಾಸು, ಅವನಿಗೆ ಒಳಗೆ ಬೆಳ್ಳಿ ತಟ್ಟೆ, ನನಗೆ ನಡುಮನೆಯಲ್ಲಿ ಮುತ್ತುಗದೆಲೆ. ಜಾತಿ ಒಂದೇ ಆದರೂ ಆ ಎಲೆ ಮುಂದೆ ಕೂತಾಗ ಆಗುತ್ತಿದ್ದ ಅವಮಾನ ಈಗಲೂ ಮರೆತಿಲ್ಲ. ಆದ್ದರಿಂದ ಬಡತನ ದೊಡ್ಡದು ಅಂತ ನನ್ನ ಅನುಭವ.

ಗಂಗೋತ್ರಿ_ಕ್ಯಾಂಟೀನ್ · 11:30

ಹಳೇಪೆನ್ನು ಸರ್, ನಮಸ್ಕಾರ. ನಾನು ಮಾನಸಗಂಗೋತ್ರೀಲಿ ರಿಸರ್ಚ್ ಮಾಡ್ತಿದೀನಿ, ನಮ್ಮದು ದಲಿತ ಕುಟುಂಬ, ಟಿ. ನರಸೀಪುರ ಕಡೆ. ನಿಮ್ಮ ಗುರುವಾರದ ಉಪವಾಸಾನ ಚಿಕ್ಕದು ಮಾಡೋ ಉದ್ದೇಶ ಇಲ್ಲ ಸರ್, ಆದ್ರೆ ನೀವು ಹೇಳಿದ ಕಥೆಯಲ್ಲೇ ಮೇಡಂ ಪ್ರಶ್ನೆಗೆ ಉತ್ತರ ಇದೆ ಅನ್ಸತ್ತೆ. ವಾರಾನ್ನ ಸಿಗ್ಬೇಕಾದ್ರೆ ಬಡವ ಆಗಿದ್ರೆ ಸಾಲ್ದು, ಆ ಮನೆ ನಡುಮನೇವರೆಗೂ ಬರೋ ಜಾತಿ ಇರ್ಬೇಕಿತ್ತು. ನಮ್ಮ ತಾತನ ವಯಸ್ಸಿನೋರು ಅದೇ ಅಗ್ರಹಾರದ ಬೀದಿಗೆ ಹೋಗಿದಾರೆ, ಹಿತ್ತಲ ಬಾಗಿಲಿಗೆ, ಓದಕ್ಕಲ್ಲ. ಜಾತಿ ಇದ್ರೂ ಸಾಲ್ದು, ಗಂಡು ಆಗಿರ್ಬೇಕು. ನಿಮ್ಮದೇ ಬೀದಿಯ ಬಡ ಹುಡ್ಗಿ ಸೋಮವಾರ ಒಬ್ರ ಮನೆ ಮಂಗಳವಾರ ಒಬ್ರ ಮನೆ ಅಂತ ಊಟಕ್ಕೆ ಹೋಗಕ್ಕೆ ಆಗ್ತಿತ್ತಾ ಸರ್? ನಿಮ್ಮನೇಲಿ ಅಕ್ಕ ತಂಗಿ ಇದ್ರಾ, ಅವ್ರು ಎಷ್ಟನೇ ಕ್ಲಾಸಿಗೆ ಬಿಟ್ರು?

ಮೇಡಂ, ಇದಕ್ಕೆ ಥಿಯರಿ ಬೇಕು ಅಂದ್ರೆ ಕಿಂಬರ್ಲೆ ಕ್ರೆನ್‌ಶಾ ಅನ್ನೋ ಕಾನೂನು ಪ್ರೊಫೆಸರ್ 1989ರಲ್ಲಿ ‘ಇಂಟರ್‌ಸೆಕ್ಷನಾಲಿಟಿ’ (ಬಣ್ಣ, ಹೆಣ್ಣು ಅನ್ನೋ ತಾರತಮ್ಯಗಳು ಒಬ್ರ ಮೇಲೇ ಒಟ್ಟಿಗೆ ಸೇರ್ಕೊಳ್ಳೋದು) ಅನ್ನೋ ಪದ ಕೊಟ್ರು. ಪದಕ್ಕಿಂತ ಅವ್ರು ಎತ್ಕೊಂಡ ಕೇಸು ಚೆನ್ನಾಗಿದೆ, ಮಕ್ಕಳಿಗೆ ತಕ್ಷಣ ಅರ್ಥ ಆಗತ್ತೆ. ಜನರಲ್ ಮೋಟಾರ್ಸ್ ಮೇಲೆ ಐದು ಜನ ಕಪ್ಪು ಹೆಂಗಸ್ರು ಕೇಸ್ ಹಾಕ್ತಾರೆ. ಆ ಕಂಪನಿ 1964ಕ್ಕೆ ಮುಂಚೆ ಕಪ್ಪು ಹೆಂಗಸ್ರನ್ನ ಕೆಲ್ಸಕ್ಕೇ ತಗೊಂಡಿರ್ಲಿಲ್ಲ. ಆಮೇಲೆ ತಗೊಂಡ್ರು, ಮಂದಿ ಕಮ್ಮಿ ಮಾಡೋ ಕಾಲ ಬಂದಾಗ ಕೊನೇಲಿ ಬಂದೋರು ಮೊದ್ಲು ಹೊರಗೆ ಅನ್ನೋ ಸೀನಿಯಾರಿಟಿ ರೂಲ್ ಹಾಕಿದ್ರು. ಕೊನೇಲಿ ಬಂದಿದ್ದು ಯಾರು? ಇವ್ರೇ. ಕೋರ್ಟು 1976ರಲ್ಲಿ ಏನಂತು ಅಂದ್ರೆ, ಕಂಪನೀಲಿ ಹೆಂಗಸ್ರಿದಾರಲ್ಲ (ಅವ್ರು ಆಫೀಸಲ್ಲಿದ್ದ ಬಿಳಿ ಹೆಂಗಸ್ರು), ಕಪ್ಪು ಜನಾನೂ ಇದಾರಲ್ಲ (ಅವ್ರು ಫ್ಯಾಕ್ಟರಿ ಒಳಗಿದ್ದ ಗಂಡಸ್ರು), ಹೆಂಗಸು ಅಂತ ಕೇಳಿ ಇಲ್ಲಾ ಬಣ್ಣ ಅಂತ ಕೇಳಿ, ಎರಡನ್ನೂ ಗಂಟು ಹಾಕ್ಕೊಂಡು ಬಂದ್ರೆ ಆಗಲ್ಲ ಅಂತು. ನಿಮ್ಮ ಸೀನಿಯರ್ ಮೂರು ಹೆಡ್ಡಿಂಗು ಅಂದ್ರಲ್ಲ, ಆ ಜಡ್ಜು ಮಾಡಿದ್ದೂ ಅದನ್ನೇ. ಹೆಡ್ಡಿಂಗ್ ಮಧ್ಯೆ ಐದು ಜನ ಕೆಳಗೆ ಬಿದ್ದೋದ್ರು.

ನೇರಮಾತು ಸರ್, ‘ಅಮೆರಿಕದ್ದು ಇಲ್ಲಿಗೆ ಯಾಕೆ’ ಅಂದ್ರಿ. ಅಂಬೇಡ್ಕರ್ 1946ರಲ್ಲೇ ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವ್ರಿಗೆ ಕಾಗ್ದ ಬರೆದು ನಿಮ್ಮೋರದ್ದೂ ನಮ್ಮೋರದ್ದೂ ಪರಿಸ್ಥಿತಿ ಹೋಲತ್ತೆ ಅಂದಿದ್ರು, ಅವ್ರೂ ಉತ್ತರ ಬರೆದಿದ್ರು. ಬೊಂಬಾಯಲ್ಲಿ 1972ರಲ್ಲಿ ಹುಡುಗ್ರು ಸಂಘಟನೆ ಕಟ್ಟಿದಾಗ ಅಲ್ಲಿನ ಕಪ್ಪು ಜನರ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿನೇ ದಲಿತ್ ಪ್ಯಾಂಥರ್ಸ್ ಅಂತ ಹೆಸ್ರಿಟ್ರು. ಎರಡೂ ಒಂದೇ ಅಂತ ನಾನು ಹೇಳಲ್ಲ. ಅಲ್ಲಿ ಮುಖ ನೋಡಿದ್ರೆ ಗೊತ್ತಾಗತ್ತೆ, ಇಲ್ಲಿ ‘ಯಾವೂರಮ್ಮ, ಯಾರ ಪೈಕಿ, ಮನೆದೇವ್ರು ಯಾವ್ದು’ ಅಂತ ಮೂರು ಪ್ರಶ್ನೆ ಬೇಕು. ಮೂರನೇದಕ್ಕೆ ಗೊತ್ತಾಗೋಗತ್ತೆ. ನಮ್ಮ ರಾಜ್ಯದಲ್ಲೇ ಆಫ್ರಿಕಾ ಮೂಲದ ಸಿದ್ಧಿಗಳು ಉತ್ತರ ಕನ್ನಡದ ಕಾಡಲ್ಲಿ ಇದಾರೆ, ಅವ್ರಿಗೆ ಬಣ್ಣಾನೂ ಉಂಟು ಜಾತೀನೂ ಉಂಟು, ಅವ್ರ ಬಗ್ಗೆ ಡಿಗ್ರೀವರೆಗೂ ಒಂದು ಪಾಠ ನಾನು ಓದಿಲ್ಲ.

ಕಬ್ಬಿನಜಲ್ಲೆ · ಬುಧವಾರ ಬೆಳಿಗ್ಗೆ 6:20

ನೇರಮಾತಣ್ಣ, ದುಡ್ಡು ಬಂದ್ರೆ ಎಲ್ಲಾ ಸರಿ ಓಯ್ತದೆ ಅಂದ್ರಲ್ಲ, ನಮ್ ಮಂಡ್ಯಕ್ಕೆ ಬಂದು ನೋಡಿ ಬುಡಿ. ಕನ್ನಂಬಾಡಿ ಕಟ್ಟೆ ಆದ್ಮೇಲೆ ನಾಲೆ ನೀರು ಬಂತು, ಗದ್ದೆ ಆಯ್ತು, ಕಬ್ಬು ಆಯ್ತು, ಮನೆ ಮೇಲೆ ಮನೆ ಎದ್ವು. 2023ರಲ್ಲಿ ಎಣ್ಣು ಭ್ರೂಣ ಪತ್ತೆ ಮಾಡ್ತಿದ್ದ ಜಾಲ ಸಿಕ್ಕಾಕೊಂಡಿದ್ದು ಎಲ್ಲಿ? ನಮ್ ಜಿಲ್ಲೆ ಆಲೆಮನೇಲಿ ಕನಣ್ಣ, ಬೆಲ್ಲ ಕಾಯ್ಸೋ ಜಾಗ್ದಲ್ಲಿ ಸ್ಕ್ಯಾನಿಂಗ್ ಮಿಷನ್ ಮಡಿಕ್ಕಂಡು ಕೂತಿದ್ರು. ಸ್ಕ್ಯಾನಿಂಗಿಗೆ ಸಾವ್ರಾರು ಎಣಿಸೋರು ಕೂಲಿಯೋರಾ? ಆಸ್ತಿ ಇದ್ದೋರ್ಗೇ ಆಸ್ತಿ ಪಾಲಾಯ್ತದೆ ಅನ್ನೋ ಭಯ, ವರದಕ್ಷಿಣೆ ಭಯ. ದುಡ್ಡು ಬಂದ್ಮೇಲೆ ಎಣ್ಣಿಗೆ ಬೆಲೆ ಇನ್ನೂ ಕಮ್ಮಿ ಆಯ್ತು. ನಮ್ ಜನಾನೇ ಏಳ್ತಾವ್ನೆ ಅಂತ ಬೈಬೇಡಿ, ನಾನೂ ಅದೇ ಜನ.

ಇನ್ನೊಂದು. ಕಾಲೇಜಲ್ಲಿ ಓದುವಾಗ ಕನ್ನಡ ಮೇಷ್ಟ್ರು ನವೋದಯ ಕಾಲದ್ ಕಾದಂಬರಿ ಅಂದ್ರೆ ವಿಧವೆ ಸಮಸ್ಯೆ ವಿಧವೆ ಸಮಸ್ಯೆ ಅಂತ ಒಂದು ತಿಂಗ್ಳು ಪಾಠ ಮಾಡುದ್ರು. ತಲೆ ಬೋಳ್ಸೋದು, ಕೆಂಪು ಸೀರೆ, ಮಡಿ. ಮನೇಗ್ ಬಂದು ನಮ್ಮಜ್ಜಿಗೆ ಏಳುದ್ರೆ ನಮ್ಮಜ್ಜಿ ನಕ್ಕಿ ‘ಅಯ್ಯೋ ನಮ್ಮೊಳ್ಗೆ ಗಂಡ ಸತ್ರೆ ಕೂಡಾವಳಿ ಮಾಡ್ತಿದ್ರು ಕಣೋ, ನಂದೇ ಎರಡ್ನೇದು’ ಅಂತು. ಇಪ್ಪತ್ತು ವರ್ಷ ಗೊತ್ತಿರ್ಲಿಲ್ಲ ನಂಗೆ! ಆ ವಿಧವೇರ ಕಷ್ಟ ಸುಳ್ಳಲ್ಲ, ದೊಡ್ಡ ಕಷ್ಟವೇ, ಆದ್ರೆ ಅದು ಕೆಲವು ಜಾತಿ ಎಣ್ಮಕ್ಳ ಕಷ್ಟ, ಪುಸ್ತಕದಲ್ಲಿ ‘ಭಾರತೀಯ ನಾರಿ ಸಮಸ್ಯೆ’ ಆಗ್ಬುಟ್ಟಿತ್ತು. ನಮ್ಮಜ್ಜಿ ಕಷ್ಟ ಬ್ಯಾರೆ ಇತ್ತು. ಕೂಡಾವಳಿ ಹೆಂಡ್ತೀನ ಮದುವೆ ಮನೇಲಿ ಆರತಿ ಎತ್ತಕ್ಕೆ ಕರೀತಿರ್ಲಿಲ್ಲ, ಅವ್ಳ ಮಕ್ಳಿಗೆ ಪಾಲು ಕೊಡೋವಾಗ ಪಂಚಾಯ್ತಿ. ಅದನ್ಯಾರು ಕಾದಂಬರಿ ಬರುದ್ರು?

ಮಂಡ್ಯ ಅಂದ್ರೆ ಬರೀ ಬೆಲ್ಲ ಅಲ್ಲ ಅಂತ ಇದೂ ಬರ್ಕಳಿ. ಸಾಹಿತ್ಯ ಸಮ್ಮೇಳನಕ್ಕೆ ಮೊದಲ್ನೇ ಎಣ್ಮಗಳು ಅಧ್ಯಕ್ಷೆ ಆಗಿದ್ದು 1974ರಲ್ಲಿ, ನಮ್ ಮಂಡ್ಯದಲ್ಲೇ, ಜಯದೇವಿತಾಯಿ ಲಿಗಾಡೆ. ಪರಿಷತ್ತು ಶುರುವಾಗಿದ್ದು 1915. ಲೆಕ್ಕ ಆಕಳಿ, ಒಬ್ಬ ಎಂಗ್ಸು ಸಿಗಕ್ಕೆ 59 ವರ್ಷ. 2024ರ ಡಿಸೆಂಬರಲ್ಲಿ ಇಲ್ಲೇ 87ನೇದು ಆಯ್ತು, ಅಲ್ಲೀಗಂಟ ಒಟ್ಟು ನಾಲ್ಕೇ ಜನ ಎಂಗಸ್ರು. ಆ ಸಲ ಎಲ್ರೂ ಕಿತ್ತಾಡಿದ್ದು ಬಾಡೂಟ ಹಾಕ್ಬೇಕಾ ಬ್ಯಾಡ್ವಾ ಅಂತ. ನಾನೂ ಬಾಡೂಟ ಬೇಕು ಅಂದೋನೇ, ನಮ್ಮೂಟ ಕನ್ನಡದೂಟ ಅಲ್ವಾ ಅಂತ. ಆದ್ರೆ ಮನೇಲಿ ಆ ಬಾಡು ಬೇಯ್ಸಿ ಕೊನೇಲಿ ಎಸ್ರು ಮಾತ್ರ ಉಣ್ಣೋರು ಯಾರು ಅಂತ ನಮ್ ಹೆಂಡ್ತಿ ಕೇಳುದ್ಲು, ಸುಮ್ಕಾದೆ.

ಬೆಟ್ಟದ_ಮೆಟ್ಟಿಲು · 7:05

ಕಬ್ಬಿನಜಲ್ಲೆ ಅಣ್ಣಾ ಅಜ್ಜಿ ಕಥೆ 🙏 ಅದನ್ನೇ ಬರೀರಿ ನೀವು.

ನೇರಮಾತು · 8:30

ಆಲೆಮನೆ ವಿಷ್ಯ ಒಪ್ಪಿದೆ, ಅಲ್ಲಿ ದುಡ್ಡೇ ಕೆಲ್ಸ ಕೆಡಿಸಿದೆ. ಆದ್ರೂ ಇಷ್ಟೊಂದು ಭಾಗ ಮಾಡ್ತಾ ಹೋದ್ರೆ ಕೊನೇಗೆ ಒಬ್ಬೊಬ್ಬ ಮನುಷ್ಯನೂ ಒಂದೊಂದು ಕೆಟಗರಿ ಆಗ್ತಾನೆ. ಹೆಣ್ಣು, ಅದ್ರಲ್ಲಿ ಬಡ ಹೆಣ್ಣು, ಅದ್ರಲ್ಲಿ ಹಳ್ಳಿ ಹೆಣ್ಣು, ಅದ್ರಲ್ಲಿ ಕನ್ನಡ ಮೀಡಿಯಂ ಹೆಣ್ಣು. ಇದಕ್ಕೆ ಕೊನೆ ಎಲ್ಲಿ? ಯಾವ ಸರ್ಕಾರ ಇಷ್ಟು ನೋಡ್ಕೊಂಡು ಕೂರತ್ತೆ?

ಪಡುವಾರಹಳ್ಳಿ_ರೂಮು · 8:41

ಹಹ್ಹ ಸಾರ್, ನೀವು ಈಗ ಬರೆದಿರೋದು ನಮ್ಮ ಕೆಪಿಎಸ್‌ಸಿ ನೋಟಿಫಿಕೇಶನ್ನು 😂

ಸೀರಿಯಸ್ಸಾಗಿ ಹೇಳ್ತಿದೀನಿ. ನಾಲ್ಕು ವರ್ಷದಿಂದ ಪಡುವಾರಹಳ್ಳೀಲಿ ರೂಮ್ ಮಾಡ್ಕೊಂಡು ಎಕ್ಸಾಮ್ ಬರೀತಿರೋನು ನಾನು, ಆ ಟೇಬಲ್ ಬಾಯಿಪಾಠ. ಮೇಲಿಂದ ಕೆಳಗೆ ಜಾತಿ ವರ್ಗ, ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಸಾಮಾನ್ಯ. ಅಡ್ಡಡ್ಡ ಬಂದ್ರೆ ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ, ಅಂಗವಿಕಲ, ಮಾಜಿ ಸೈನಿಕ, ಯೋಜನಾ ನಿರಾಶ್ರಿತ. ಸಮತಲ ಮೀಸಲಾತಿ ಅಂತಾರೆ ಅದಕ್ಕೆ. ಮಹಿಳೆಗೆ ಶೇಕಡಾ 33, ಕನ್ನಡ ಮೀಡಿಯಂಗೆ 5. ಅದೂ ಜಾತಿ ವರ್ಗದ ಒಳಗೇ. ಅಂದ್ರೆ ಅಮೆರಿಕದ ಆ ಜಡ್ಜು ಗಂಟು ಹಾಕ್ಕೊಂಡು ಬರ್ಬೇಡಿ ಅಂದಿದ್ದನ್ನ ನಮ್ಮ ತಾಲೂಕಾಫೀಸಿನ ಗುಮಾಸ್ತ ಸೀಲ್ ಹೊಡೆದು ಕೊಡ್ತಾನೆ. ಪಿಎಚ್‌ಡಿ ಮಾಡೋರು ಇಂಗ್ಲಿಷ್ ಪದ ಹುಡುಕ್ತಿರೋವಾಗ ನಮ್ಮೂರ ಹುಡ್ಗೀರು ನಾಡಕಚೇರಿ ಮುಂದೆ, ಶಾಲೆ ಮುಂದೆ ಜಾತಿ ಆದಾಯ ಒಂದು, ಗ್ರಾಮೀಣ ಒಂದು, ಕನ್ನಡ ಮಾಧ್ಯಮ ಒಂದು ಅಂತ ಮೂರು ಫಾರಂ ಇಟ್ಕೊಂಡು ಕ್ಯೂ ನಿಂತಿರ್ತಾರೆ.

ನಮ್ಮ ಕಡೆ ಇದು ಹೊಸದೂ ಅಲ್ಲ ಅಂತ ಕೋಚಿಂಗಲ್ಲಿ ಓದಿದೀನಿ. ನಾಲ್ವಡಿಯವ್ರು 1918ರಲ್ಲಿ ಮಿಲ್ಲರ್ ಸಮಿತಿ ಮಾಡಿದ್ರು, ಸರ್ಕಾರಿ ಕೆಲ್ಸದಲ್ಲಿ ಬ್ರಾಹ್ಮಣೇತರರು ಯಾಕಿಲ್ಲ ಅಂತ ನೋಡಕ್ಕೆ. ವಿಶ್ವೇಶ್ವರಯ್ಯನವ್ರು ಇದನ್ನ ಒಪ್ಪದೆ ದಿವಾನಗಿರಿ ಬಿಟ್ರು. ಎಕ್ಸಾಮಲ್ಲಿ ಎರಡು ಮಾರ್ಕ್ಸಿಗೆ ಬರತ್ತೆ, ಯಾರು ಬಿಟ್ರು ಯಾವಾಗ ಬಿಟ್ರು ಅಂತ. ‘ಬ್ರಾಹ್ಮಣೇತರ’ ಅಂದಾಗ ಓದೋ ನನ್ನ ಕಣ್ಮುಂದೆ ಬರೋದೂ ಪೇಟ ಕಟ್ಟಿರೋ ಗಂಡಸೇ, ಸುಳ್ಳು ಹೇಳಲ್ಲ.

ಗಂಗೋತ್ರಿ_ಕ್ಯಾಂಟೀನ್ · 1:15

ಪಡುವಾರಹಳ್ಳಿ, ನೀನು ಹೇಳಿದ್ದು ಸೂಪರ್ ಕಣೋ, ನನ್ನ ಥೀಸಿಸ್ಸಿಗೆ ಕದೀತೀನಿ. ಆದ್ರೆ ಟೇಬಲ್ಲಲ್ಲಿ ಕಾಲಂ ಇದ್ದ ಮಾತ್ರಕ್ಕೆ ಸಿಲಬಸ್ಸಲ್ಲಿ ಜಾಗ ಸಿಗಲ್ಲ, ಅದು ಬೇರೆ ಕಥೆ.

ಬೂಸಾ ಪ್ರಕರಣ ಗೊತ್ತಲ್ಲ ಎಲ್ರಿಗೂ. 1973, ಇದೇ ಮೈಸೂರು. ಮಂತ್ರಿ ಬಿ. ಬಸವಲಿಂಗಪ್ಪನವ್ರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದ್ರು, ಗಲಾಟೆ ಆಯ್ತು, ದಲಿತ ಹುಡುಗ್ರಿಗೆ ಹೊಡೆದ್ರು, ಅವ್ರು ಮಂತ್ರಿಗಿರಿ ಬಿಡ್ಬೇಕಾಯ್ತು. ಆ ಸಿಟ್ಟಿಂದ ಎಷ್ಟು ಒಳ್ಳೇ ಕವಿತೆ, ಆತ್ಮಕಥೆ ಬಂತು, ಅದನ್ನ ಓದ್ಕೊಂಡೇ ನಾನು ಬೆಳೆದಿದ್ದು. ಆದ್ರೆ ಅದ್ರಲ್ಲಿ ‘ನಾವು’ ಅಂದ್ರೆ ಯಾರು ಅಂತ ಪೀಜಿಗೆ ಬಂದ್ಮೇಲೆ ಅನ್ಸಕ್ಕೆ ಶುರುವಾಯ್ತು. ಅವ್ವ ಬರ್ತಾಳೆ, ಅವ್ವನ ಬೆವರು ಬರತ್ತೆ, ಅವ್ವನ ಸೀರೆ ಹರಿದಿರತ್ತೆ, ಅವ್ವ ಮಾತಾಡಲ್ಲ. ಇತ್ತ ಸರ್ಕ್ಯುಲೇಟಿಂಗ್ ಲೈಬ್ರರಿಯ ಮಹಿಳಾ ಕಾದಂಬರಿ ತಗೊಂಡ್ರೆ ನಾಯಕಿ ಮನಸ್ಸಿನ ನೋವು ಎಲ್ಲಾ ಇದೆ, ಅವಳು ಕಿಟಕಿ ಹತ್ರ ಕೂತು ನೊಂದ್ಕೊಳ್ಳೋ ಹೊತ್ತಲ್ಲಿ ಪಾತ್ರೆ ತಿಕ್ತಿರೋ ‘ಕೆಲಸದ ನಿಂಗಿ’ಗೆ ಎರಡು ಸಾಲು. ನಾನು ಎರಡು ಕಡೇನೂ ನನ್ನನ್ನ ಹುಡುಕಿ ಸೋತೆ. ಮರಾಠೀಲಿ ದಲಿತ ಲೇಖಕಿ ಬೇಬಿ ಕಾಂಬ್ಳೆ ತಾವು ಬರೆದಿದ್ದನ್ನ ಗಂಡನಿಗೆ ಕಾಣದ ಹಾಗೆ ಇಪ್ಪತ್ತು ವರ್ಷ ಬಚ್ಚಿಟ್ಟಿದ್ರಂತೆ, ಅದು ಗೊತ್ತಾದಾಗ ಯಾಕೋ ಹೊಟ್ಟೆ ತಣ್ಣಗಾಯ್ತು.

ಮಲೆಗಳಲ್ಲಿ ಮದುಮಗಳು ಓದಿರೋರು ಇದೀರಲ್ಲ, ಹೇಳಿ. ಚಿನ್ನಮ್ಮಾನೂ ಬೇಡದ ಮದುವೆ ತಪ್ಪಿಸ್ಕೊಂಡು ಓಡ್ತಾಳೆ, ತಿಮ್ಮೀನೂ ಓಡ್ತಾಳೆ. ಒಬ್ಳು ನಾಯಕರ ಮನೆ ಮಗಳು, ಒಬ್ಳು ಹೊಲಗೇರಿ ಹುಡ್ಗಿ. ಅದೇ ಕಾಡು, ಅದೇ ಮಳೆ. 1967ರಲ್ಲೇ ಕುವೆಂಪು ಇಬ್ರನ್ನೂ ಒಂದೇ ಪುಸ್ತಕದಲ್ಲಿ ಓಡಿಸಿದಾರೆ, ಆದ್ರೆ ನಮ್ಮ ಪರೀಕ್ಷೇಲಿ ಚಿನ್ನಮ್ಮನ ಪಾತ್ರ ಚಿತ್ರಣ ಹತ್ತು ಮಾರ್ಕ್ಸು, ತಿಮ್ಮಿ ಮೇಲೆ ಒಂದು ಪ್ರಶ್ನೆ ನಾನು ನೋಡಿಲ್ಲ. ಮೇಡಂ, ಇಬ್ರನ್ನೂ ಅಕ್ಕಪಕ್ಕ ಇಟ್ಟು ‘ಸಿಕ್ಕಾಕೊಂಡ್ರೆ ಯಾರಿಗೆ ಏನಾಗ್ತಿತ್ತು’ ಅಂತ ಕೇಳಿ, ಮೂರೂ ಹೆಡ್ಡಿಂಗು ತಾನಾಗೇ ಒಂದಾಗತ್ತೆ.

ಹೊನ್ನಮ್ಮಾನೂ ತಗೋಬಹುದು. ಯಳಂದೂರಿಂದ ಬಂದು ಚಿಕ್ಕದೇವರಾಜ ಒಡೆಯರ ಅರಮನೇಲಿ ಎಲೆಅಡಿಕೆ ಸಂಚಿ ಹಿಡಿಯೋ ಕೆಲ್ಸದಲ್ಲಿದ್ದೋಳು, ಅದಕ್ಕೇ ಸಂಚಿ ಹೊನ್ನಮ್ಮ. ‘ಪೆಣ್ಣಲ್ಲವೆ’ ಪದ್ಯ ಶಾಲೇಲಿ ಎಲ್ರೂ ಹಾಡಿದೀವಿ. ಅದಿರೋ ಹದಿಬದೆಯ ಧರ್ಮ ಪೂರ್ತಿ ಓದಿದ್ರೆ ಪತಿವ್ರತೆ ಹೇಗಿರ್ಬೇಕು ಅನ್ನೋ ಉಪದೇಶ. ಸ್ತ್ರೀವಾದಿನೋ ಅಲ್ವೋ ಅಂತ ಸೆಮಿನಾರಲ್ಲಿ ಕಿತ್ತಾಡ್ತಾರೆ, ಸಂಬಳಕ್ಕೆ ಅರಮನೇಲಿರೋ ಹೆಂಗಸು ಇನ್ನೆಷ್ಟು ಹೇಳ್ಬಹುದಿತ್ತು ಅಂತ ಒಬ್ರೂ ಕೇಳಲ್ಲ. ಗೆಸ್ಟ್ ಲೆಕ್ಚರರ್‌ಗಳಿಗೆ ಅರ್ಥ ಆಗತ್ತೆ ಅನ್ಕೋತೀನಿ 🙂

ಅರ್ಧಚಾಕ್‌ಪೀಸ್ · 1:32

ಮೂರು ತಿಂಗಳಿಂದ ಗೌರವಧನ ಬಂದಿಲ್ಲ, ಚೆನ್ನಾಗೇ ಅರ್ಥ ಆಯ್ತು ತಾಯೀ.

ರಂಗೋಲಿಪುಡಿ · 3:50

ಎಲ್ಲಾ ಓದಿದೆ. ನಾನು ಓದಿದ್ದು ಪಿಯುಸಿ, ಕುವೆಂಪುನಗರದಲ್ಲಿ ಮನೆ, ಮಹಡಿ ಮೇಲೆ ಬಾಡಿಗೆಗೆ ಕೊಡ್ತೀವಿ. ಆ ಹುಡುಗಿ ಹೇಳಿದ ‘ಅಮ್ಮಾವ್ರು’ ನಾನೂ ಆಗಿರಬಹುದು ಅಂತ ಬೆಳಿಗ್ಗೆಯಿಂದ ಅನಿಸ್ತಿದೆ. ನಮ್ಮ ಮೊಮ್ಮಗು ಕೆಲಸದವರನ್ನ ಹೆಸರು ಹಿಡಿದೇ ಕರೆಯತ್ತೆ, ನಾವೆಲ್ಲ ಮುದ್ದು ಅಂತ ನಗ್ತೀವಿ. ಬಾಡಿಗೆ ಬೋರ್ಡಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಬರೆಸಿದ್ದು ನಮ್ಮೆಜಮಾನ್ರು. ಯಾಕೆ ಅಂದ್ರೆ ವಾಸನೆ ಅಂತಾರೆ. ಹೋದ ವರ್ಷ ಗಂಗೋತ್ರೀಲಿ ಓದೋ ಒಬ್ಬಳು ಹುಡುಗಿ ಬಂದು ‘ಆಂಟಿ ನಾನು ಮೊಟ್ಟೆನೂ ತಿನ್ನಲ್ಲ’ ಅಂದಳು, ಆದ್ರೂ ನಮ್ಮನೆಯವರು ಊರು, ಅಪ್ಪನ ಹೆಸರು ಎಲ್ಲಾ ಕೇಳಿ ಆಮೇಲೆ ಹೇಳ್ತೀವಿ ಅಂದು ಕಳಿಸಿದ್ರು. ಅದೇ ವಾರ ಒಬ್ಬ ಹುಡುಗನಿಗೆ ಕೊಟ್ಟರು, ಅವನು ಶನಿವಾರ ಆರ್ಡರ್ ಮಾಡಿ ಕೋಳಿ ತಿಂತಾನೆ, ಡಬ್ಬ ನಾನೇ ನೋಡಿದೀನಿ. ನಾನು ಆಗಲೂ ಸುಮ್ಮನಿದ್ದೆ. ಬಾಡಿಗೆ ದುಡ್ಡು ನನ್ನ ಕೈಗೆ ಬರಲ್ಲ, ಬೋರ್ಡ್ ತೆಗೀರಿ ಅನ್ನೋ ಧೈರ್ಯನೂ ಇಲ್ಲ. ಇದನ್ನ ಯಾವ ಹೆಡ್ಡಿಂಗಿಗೆ ಹಾಕ್ತೀರೋ ಹಾಕ್ಕೊಳ್ಳಿ.

ಗಂಗೋತ್ರಿ_ಕ್ಯಾಂಟೀನ್ · 4:10

ಆಂಟಿ, ಆ ಹುಡ್ಗಿ ನಾನಲ್ಲ, ಆದ್ರೆ ಅಂಥಾ ಐದು ಮನೆ ಮೆಟ್ಟಿಲು ನಾನೂ ಹತ್ತಿ ಇಳಿದಿದೀನಿ. ಬರೆದಿದ್ದಕ್ಕೆ ಥ್ಯಾಂಕ್ಸ್.

ಬೆಟ್ಟದ_ಮೆಟ್ಟಿಲು · 5:25

2025ರ ದಸರಾ ನೆನಪಿದ್ಯಾ? ಬಾನು ಮುಷ್ತಾಕ್ ಉದ್ಘಾಟನೆಗೆ ಬರ್ತಾರೆ ಅಂದಾಗ ನಮ್ಮ ಏರಿಯಾ ವಾಟ್ಸಾಪ್ ಗ್ರೂಪಲ್ಲಿ 300 ಮೆಸೇಜು, ಒಂದ್ರಲ್ಲೂ ಅವ್ರ ಕಥೆ ಬಗ್ಗೆ ಮಾತಿಲ್ಲ. ಇಂಟರ್‌ನ್ಯಾಷನಲ್ ಬೂಕರ್ ಬಂದಿರೋ ಪುಸ್ತಕದಲ್ಲಿ 12 ಕಥೆ, ಎಲ್ಲಾ ಮನೆಯೊಳಗಿನ ಹೆಂಗಸ್ರ ಸಂಕಟ. ವಿಷ್ಯ ಹೈಕೋರ್ಟು, ಸುಪ್ರೀಂ ಕೋರ್ಟಿಗೂ ಹೋಗಿ ಅರ್ಜಿ ವಜಾ ಆಯ್ತು, ಸೆಪ್ಟೆಂಬರ್ 22ಕ್ಕೆ ಅವ್ರೇ ಉದ್ಘಾಟನೆ ಮಾಡಿದ್ರು. ಗ್ರೂಪಲ್ಲಿ ಒಬ್ರು ‘ಲೇಖಕಿ ಅನ್ನೋದಾದ್ರೆ ಓಕೆ, ಆದರೆ…’ ಅಂತ ಹಾಕಿದ್ರು. ಆ ‘ಆದರೆ’ನೇ ಈ ಥ್ರೆಡ್ಡು ಅನ್ಸತ್ತೆ.

ಹಳೇಪೆನ್ನು · ರಾತ್ರಿ 9:15

ಗಂಗೋತ್ರಿಯಮ್ಮ ಕೇಳಿದ ಪ್ರಶ್ನೆಗೆ ಇಡೀ ದಿನ ಉತ್ತರ ಬರೆಯಲಾಗಲಿಲ್ಲ. ನನಗೆ ಅಕ್ಕ ಇದ್ದಾರೆ, ನನಗಿಂತ ಎರಡು ವರ್ಷ ದೊಡ್ಡವರು. ಏಳನೇ ಕ್ಲಾಸಿಗೆ ಬಿಟ್ಟರು. ಲೆಕ್ಕದಲ್ಲಿ ನನಗಿಂತ ಬುದ್ಧಿವಂತೆ, ನನ್ನ ಬೀಜಗಣಿತದ ಪುಸ್ತಕ ರಜೆಯಲ್ಲಿ ಊರಿಗೆ ತಗೊಂಡು ಹೋದರೆ ಒಲೆ ಮುಂದೆ ಕೂತು ಇದ್ದಿಲಲ್ಲಿ ನೆಲದ ಮೇಲೆ ಮಾಡಿ ಸಾರಿಸಿ ಬಿಡುತ್ತಿದ್ದರು. ಮೈಸೂರಲ್ಲಿ ಮಹಾರಾಣಿ ಶಾಲೆ 1881ರಿಂದ ಇತ್ತಲ್ಲ, ಹೆಣ್ಣುಮಕ್ಕಳು ಓದುತ್ತಿದ್ದರಲ್ಲ ಅಂತ ನಾನೇ ಎಷ್ಟೋ ಭಾಷಣದಲ್ಲಿ ಹೇಳಿದ್ದೀನಿ. ಶಾಲೆ ಇತ್ತು, ಅಕ್ಕನಿಗೆ ಊಟ ಹಾಕುವ ಏಳು ಮನೆ ಇರಲಿಲ್ಲ. ಇನ್ನೂ ಒಂದು ಬರೆಯಬೇಕು. ನಮ್ಮ ಊರಿನ ಶಾಲೆಯಲ್ಲಿ ನಮ್ಮ ಜೊತೆ ಒಬ್ಬ ಹುಡುಗ ಇದ್ದ, ಕೇರಿಯವನು, ಜಗಲಿಯ ಮೇಲೆ ಕೂರಿಸುತ್ತಿದ್ದರು. ಚೆನ್ನಾಗಿ ಓದುತ್ತಿದ್ದ. ಅವನು ಏನಾದ ಅಂತ ಅರವತ್ತು ವರ್ಷದಲ್ಲಿ ನಾನು ಒಂದು ಸಲವೂ ವಿಚಾರಿಸಿಲ್ಲ, ಅವನಿಗೆ ಅಕ್ಕತಂಗಿ ಇದ್ದರೋ ಇಲ್ಲವೋ ಅದೂ ಗೊತ್ತಿಲ್ಲ.

ಅರ್ಧಚಾಕ್‌ಪೀಸ್ · ಶನಿವಾರ ಸಂಜೆ 6:10

ಶನಿವಾರದ ಪಾಠದ ಅಪ್‌ಡೇಟ್ ಕೊಡ್ತೀನಿ. ಹೆಡ್ಡಿಂಗ್ ಬರೆಸ್ಲಿಲ್ಲ, ಬೈದ್ರೆ ಬೈಸ್ಕೊಳ್ಳೋಣ ಅಂತ. ಗುರುವಾರಾನೇ ಮಕ್ಕಳಿಗೆ ಒಂದು ಕೆಲ್ಸ ಕೊಟ್ಟಿದ್ದೆ, ಮನೇಲಿ ಅಮ್ಮನ್ನ ಇಲ್ಲಾ ಅಜ್ಜೀನ ಎಷ್ಟನೇ ಕ್ಲಾಸಿಗೆ ಬಿಟ್ರಿ, ಯಾಕೆ ಬಿಟ್ರಿ ಅಂತ ಕೇಳ್ಕೊಂಡು ಚೀಟೀಲಿ ಹೆಸರಿಲ್ದೆ ಬರೆದು ತನ್ನಿ ಅಂತ. 34ರಲ್ಲಿ 29 ಬಂತು. ಹುಡುಗ್ರೇ ಜಾಸ್ತಿ ತಂದಿಲ್ಲ, ಅಮ್ಮನ್ನ ಇದೆಲ್ಲಾ ಕೇಳಕ್ಕೆ ನಾಚಿಕೆ ಅಂತೆ.

ಕೆಲವು ಹಾಕ್ತೀನಿ, ಅವ್ರ ಮಾತಲ್ಲೇ. ‘ನಾಲ್ಕನೇ ಕ್ಲಾಸು, ತಮ್ಮ ಹುಟ್ಟಿದ, ಎತ್ಕೊಳ್ಳೋರು ಬೇಕಿತ್ತು.’ ‘ಎಸ್ಸೆಸ್ಸೆಲ್ಸಿ ಪಾಸು, ಕಾಲೇಜು ದೂರ, ಬಸ್ಸಿಗೆ ಕೊಡಕ್ಕಾಗಲ್ಲ ಅಂದ್ರು, ಅಣ್ಣಂಗೆ ಸೈಕಲ್ ಕೊಡಿಸಿದ್ರು.’ ‘ಅಮ್ಮ ಪಿಯುಸಿ ಫಸ್ಟ್ ಕ್ಲಾಸು, ಗದ್ದೆ ಐದು ಎಕರೆ ಇದ್ದ ಗಂಡು ಸಿಕ್ಕ.’ ಒಂದು ಚೀಟೀಲಿ ‘ಶಾಲೇಲಿ ಅ ಅಗಸ ಅಂತ ಹೇಳಿಕೊಟ್ಟಾಗ ಎಲ್ರೂ ನಮ್ಮಮ್ಮನ್ನ ನೋಡಿ ನಕ್ರಂತೆ, ಮಾರನೇ ದಿನದಿಂದ ಹೋಗಿಲ್ಲ’ ಅಂತಿತ್ತು. ಪೆಕೋಲಾ ಪುಸ್ತಕಾನೂ ಹಾಗೇ ಶುರುವಾಗತ್ತೆ ಅಂತ ಆಗ ಹೇಳಿದೆ. ಅಲ್ಲಿನ ಒಂದನೇ ಕ್ಲಾಸಿನ ಪಾಠ, ಇದು ಮನೆ, ಹಸಿರು ಬಿಳುಪು ಮನೆ, ಅಪ್ಪ ಅಮ್ಮ ಡಿಕ್ ಜೇನ್ ಎಲ್ರೂ ಖುಷಿ ಅಂತ. ಅದನ್ನೇ ಮಾರಿಸನ್ ಮೂರು ಸಲ ಬರೀತಾರೆ, ಎರಡನೇ ಸಲ ಚುಕ್ಕಿ ಕಾಮ ಇಲ್ಲ, ಮೂರನೇ ಸಲ ಪದಗಳ ಮಧ್ಯೆ ಜಾಗಾನೇ ಇಲ್ಲ, ಉಸಿರು ಕಟ್ಟತ್ತೆ. ಬೋರ್ಡ್ ಮೇಲೆ ‘ಅಅಗಸಆಆನೆ’ ಅಂತ ಕೂಡಿಸಿ ಬರೆದೆ. ಯಾರೂ ನಗ್ಲಿಲ್ಲ.

ಇನ್ನೊಂದು ಚೀಟಿ, ‘ನಮ್ಮಜ್ಜಿ ದಿನಾ ಶಾಲೆಗೆ ಹೋಗ್ತಿತ್ತು, ಗುಡಿಸಕ್ಕೆ.’

ಶಕ್ತಿ ಬಸ್ಸಿನ ಬಗ್ಗೆ ಮೂರು ಜನ ಬರೆದಿದಾರೆ, 2023ರ ಜೂನಲ್ಲಿ ಅದು ಶುರುವಾಗ್ದೇ ಇದ್ದಿದ್ರೆ ತಾವೂ ಇಲ್ಲಿರ್ತಿರ್ಲಿಲ್ಲ, ಅಮ್ಮಂದಿರ ಲಿಸ್ಟಿಗೇ ಸೇರ್ತಿದ್ವಿ ಅಂತ. ಆ ಕೊನೇ ಬೆಂಚಿನ ಹುಡ್ಗಿ ಇವತ್ತೂ ಏನೂ ಮಾತಾಡಲಿಲ್ಲ, ಅವಳ ಚೀಟಿ ಯಾವ್ದು ಅಂತಾನೂ ನಂಗೆ ಗೊತ್ತಿಲ್ಲ. ಹೋಗುವಾಗ ಪುಸ್ತಕ ಪೂರ್ತಿ ಇದ್ರೆ ಕೊಡಿ ಮಿಸ್ ಅಂದ್ಲು, ಕೊಟ್ಟೆ. ಇಂಗ್ಲಿಷ್ ಕಷ್ಟ ಆಗತ್ತೆ ಅಂದ್ರೆ ‘ಪರ್ವಾಗಿಲ್ಲ ಬಸ್ಸಲ್ಲಿ ಎರಡು ಗಂಟೆ ಇರತ್ತೆ’ ಅಂದ್ಲು.

ನೇರಮಾತು ಸರ್, ಸ್ಪೋಕನ್ ಇಂಗ್ಲಿಷೂ ಮಾಡಿದೆ. ಆ ಚೀಟಿಗಳನ್ನೇ ಇಂಗ್ಲಿಷಲ್ಲಿ ಹೇಳಿಸಿದೆ.

ನೇರಮಾತು · 6:40

ನಮ್ಮಮ್ಮನ್ನ ಕೇಳಿದೆ ಮೇಡಂ. ಮೂರನೇ ಕ್ಲಾಸು. ಕಾರಣ ಹೇಳ್ಲಿಲ್ಲ, ಕಾಫಿ ಮಾಡಕ್ಕೆ ಎದ್ದೋದ್ರು.

ಹಳೇಪೆನ್ನು · 7:30

ನಾನು ನಾಳೆ ನಂಜನಗೂಡಿಗೆ ಹೋಗಿ ಅಕ್ಕನನ್ನು ನೋಡಿಕೊಂಡು ಬರೋಣ ಅಂತ ಇದ್ದೀನಿ. ಒಂದು ಬೀಜಗಣಿತದ ಪುಸ್ತಕ ತಗೊಂಡಿದ್ದೀನಿ, ಅವರಿಗೆ ಈಗ ಕಣ್ಣು ಮಂಜು, ದೊಡ್ಡ ಅಕ್ಷರದ್ದು ಸಿಗಲಿಲ್ಲ. ಚಾಮರಾಜನಗರದ ಪ್ಯಾಸೆಂಜರು ಬೆಳಿಗ್ಗೆ ಈಗ ಎಷ್ಟು ಗಂಟೆಗೆ?

ಪಡುವಾರಹಳ್ಳಿ_ರೂಮು · 7:34

ಸರ್ ಆ್ಯಪ್ ನೋಡಿ ಹೇಳ್ತೀನಿ ಒಂದ್ನಿಮಿಷ. ಒಬ್ರೇ ಹೋಗ್ಬೇಡಿ, ನಾನೂ ಬರ್ತೀನಿ, ನಾಳೆ ಕೋಚಿಂಗ್ ಇಲ್ಲ.